ರಾತ್ರಿ ಊಟವಾದ ಮೇಲಿನ ಹತ್ತು ನಿಮಿಷ

ಬೆಳಕು ಹರಿಯುವ ಹೊತ್ತಿಗೆ ಲಾಲ್‌ಬಾಗಿನಲ್ಲಿ, ಜಯನಗರದ ಮಾಧವನ್ ಪಾರ್ಕಿನಲ್ಲಿ, ಜೆ.ಪಿ. ನಗರದ ಮಿನಿ ಫಾರೆಸ್ಟಿನಲ್ಲಿ ಎಲ್ಲಿ ನೋಡಿದರೂ ವಾಕಿಂಗ್ ಮಾಡುವವರು. ಶುಗರ್ ಇದೆ ಎಂದು ಡಾಕ್ಟರ್ ಹೇಳಿದ್ದೇ ತಡ, ದಕ್ಷಿಣ ಬೆಂಗಳೂರಿನ ಮನೆಗಳಿಗೆ ಹೊಸ ಶೂ ಬರುತ್ತದೆ. ಈ ಶಿಸ್ತಿನ ಬಗ್ಗೆ ನನಗೆ ತುಂಬ ಗೌರವವಿದೆ. ಆದರೆ ಅದೇ ಜನ ರಾತ್ರಿ ಒಂಬತ್ತಕ್ಕೆ ಅನ್ನ ಸಾರು ಉಂಡು, ಟೀವಿ ಮುಂದೆ ಕೂತು, ಅಲ್ಲಿಂದ ನೇರ ಹಾಸಿಗೆಗೆ ಹೋಗುತ್ತಾರೆ. ಬೆಳಗ್ಗೆ ಮುಕ್ಕಾಲು ಗಂಟೆ ನಡೆದರೆ ಆ ದಿನದ ಕೆಲಸ ಮುಗಿಯಿತು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಅದನ್ನು ಬಿಡಬೇಕು. ರಕ್ತದಲ್ಲಿ ಸಕ್ಕರೆ ಏರುವುದು ಉಂಡ ಮೇಲೆ. ನಡಿಗೆಯ ಒಂದು ಪಾಲಾದರೂ ಆ ಹೊತ್ತಿಗೆ ಸಲ್ಲಬೇಕು.

ಇದು ಬರೀ ಅಜ್ಜಿಯ ಮಾತಲ್ಲ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಟೈಪ್ 2 ಮಧುಮೇಹದ 41 ಜನರನ್ನು ಎರಡೂ ರೀತಿ ನಡೆಸಿ ನೋಡಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಅವಧಿಯಲ್ಲಿ ದಿನಕ್ಕೆ 30 ನಿಮಿಷ, ಯಾವಾಗ ಬೇಕಾದರೂ. ಇನ್ನೊಂದರಲ್ಲಿ ಮೂರು ಹೊತ್ತಿನ ಊಟದ ನಂತರ ಹತ್ತು ಹತ್ತು ನಿಮಿಷ. ಒಟ್ಟು ನಡಿಗೆ ಅಷ್ಟೇ. ಆದರೂ ಎರಡನೆಯದರಲ್ಲಿ ಊಟದ ನಂತರದ ಸಕ್ಕರೆಯ ಏರಿಕೆ ಸರಾಸರಿ ಶೇ 12ರಷ್ಟು ಕಡಿಮೆಯಾಗಿತ್ತು. ರಾತ್ರಿ ಊಟವೊಂದನ್ನೇ ತೆಗೆದುಕೊಂಡರೆ ಶೇ 22ರಷ್ಟು. ಅವರು ಪಿಷ್ಟ ಹೆಚ್ಚು ತಿಂದದ್ದೂ, ತಿಂದ ಮೇಲೆ ಅಲುಗಾಡದೆ ಕೂತದ್ದೂ ರಾತ್ರಿಯೇ. ನಮ್ಮ ಮನೆಗಳಲ್ಲೂ ಅದೇ ಅಲ್ಲವೇ?

ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್‌ಗಾಗಿ ಕಾಯುವುದಿಲ್ಲ. ನಡೆಯುವಾಗ ತೊಡೆ, ಮೀನಖಂಡಗಳ ಜೀವಕೋಶಗಳು ರಕ್ತದಲ್ಲಿರುವ ಗ್ಲೂಕೋಸನ್ನು ತಾವೇ ಎಳೆದುಕೊಳ್ಳುತ್ತವೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರಿಗೂ ಈ ದಾರಿ ತೆರೆದೇ ಇರುತ್ತದೆ. ವ್ಯಾಯಾಮದ ಗುಣ ಒಂದೆರಡು ದಿನ ದೇಹದಲ್ಲಿ ಉಳಿಯುತ್ತದೆ, ಆಮೇಲೆ ಇಳಿಯುತ್ತದೆ. ವಾರಕ್ಕೆ 150 ನಿಮಿಷ ನಡೆಯಿರಿ, ನಡುವೆ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬೇಡಿ ಎಂದು ವೈದ್ಯರು ಹೇಳುವುದು ಇದಕ್ಕೇ. ಶನಿವಾರ, ಭಾನುವಾರ ಮಾತ್ರ ಕಬ್ಬನ್ ಪಾರ್ಕಿಗೆ ಹೋಗಿ ಬರುವುದು ಸಾಲದು.

ಇನ್ನು, ಎಲ್ಲಿ ನಡೆಯುವುದು? ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು 2024ರ ಜೂನ್‌ನಲ್ಲಿ ಆಗಿನ ಬಿಬಿಎಂಪಿ ಹೇಳಿತು. ಒಳ್ಳೆಯ ತೀರ್ಮಾನ. ಆದರೆ ಗೇಟು ತೆರೆದಿದ್ದರಷ್ಟೇ ಆಗುವುದಿಲ್ಲ. ಒಳಗೆ ದೀಪ ಉರಿಯಬೇಕು, ಕಾವಲಿನವರು ಇರಬೇಕು. ರಾತ್ರಿ ಒಂಬತ್ತೂವರೆಗೆ ಹೆಣ್ಣುಮಗಳೊಬ್ಬಳು ಹೆದರದೆ ನಾಲ್ಕು ಸುತ್ತು ಹಾಕುವಂತಿರಬೇಕು. ಬನಶಂಕರಿಯ ಅಡ್ಡರಸ್ತೆಗಳಲ್ಲಿ, ಬಿಟಿಎಂ ಬಡಾವಣೆಯ ಪಿಜಿಗಳ ಮುಂದೆ ಫುಟ್‌ಪಾತ್ ಎಂಬುದು ಬೈಕ್ ನಿಲ್ಲಿಸುವ ಜಾಗವಾಗಿದೆ. ಎಪ್ಪತ್ತು ದಾಟಿದ, ಪಾದದ ಸ್ಪರ್ಶಜ್ಞಾನ ಕಳೆದುಕೊಂಡ ಸಕ್ಕರೆ ಕಾಯಿಲೆಯವರು ಕಿತ್ತುಹೋದ ಕಲ್ಲುಚಪ್ಪಡಿ ಎಡವಿದರೆ ಗಾಯ ಮಾಯಲು ತಿಂಗಳುಗಟ್ಟಲೆ ಬೇಕು, ಕೆಲವೊಮ್ಮೆ ಬೆರಳೇ ಹೋಗುತ್ತದೆ. ಐಸಿಎಂಆರ್ ಸಮೀಕ್ಷೆ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ ಮಧುಮೇಹಿಗಳು ಸುಮಾರು 10.1 ಕೋಟಿ. ಹೀಗಿರುವಾಗ ಸಮತಟ್ಟಾದ ಫುಟ್‌ಪಾತ್ ಮತ್ತು ಬೀದಿದೀಪವನ್ನು ನಾನು ಆರೋಗ್ಯ ಇಲಾಖೆಯ ಖರ್ಚೆಂದೇ ಎಣಿಸುತ್ತೇನೆ. ವಾರ್ಡಿನ ಸಭೆಗಳಲ್ಲಿ ನಿವಾಸಿಗಳ ಸಂಘಗಳು ಇದನ್ನೇ ಮೊದಲು ಕೇಳಲಿ.

ಮಳೆಯಿದ್ದರೆ, ರಸ್ತೆ ಸರಿಯಿಲ್ಲದಿದ್ದರೆ, ತಾರಸಿಯಲ್ಲೋ ವರಾಂಡದಲ್ಲೋ ಓಡಾಡಿದರೂ ಆದೀತು. ಪಾತ್ರೆ ತೊಳೆದು ಅಡುಗೆಮನೆ ಒರೆಸುವುದೂ ಸುಮ್ಮನೆ ಕೂರುವುದಕ್ಕಿಂತ ಒಳ್ಳೆಯದು. ಮನೆಯ ಗಂಡಸರು ಅದನ್ನೂ ಮಾಡಲಿ.

ಎಚ್ಚರಿಕೆಯ ಮಾತೂ ಇದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದಿಂದ ಸಕ್ಕರೆ ತೀರಾ ಇಳಿಯಬಹುದು. ಕೈ ನಡುಗಿದರೆ, ಬೆವರಿದರೆ, ಗ್ಲೂಕೋಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ತಕ್ಷಣ ಮೂರು ಚಮಚ ಸಕ್ಕರೆ ತಿಂದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ಬರಿಗಾಲು ಬೇಡ. ನಡೆಯುವಾಗ ಎದೆ ಹಿಡಿದಂತಾದರೆ ಅಲ್ಲೇ ನಿಂತು ಸಹಾಯ ಕೇಳಿ, ಕೂಡಲೇ ಆಸ್ಪತ್ರೆಗೆ ಹೋಗಿ. ಯಾವ ಔಷಧಿಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ನನ್ನ ಮಾತನ್ನು ಹಾಗೇ ನಂಬಬೇಕಿಲ್ಲ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಒಂದು ರಾತ್ರಿ ಉಂಡು ಕೂತಿರಿ, ಇನ್ನೊಂದು ರಾತ್ರಿ ಅದೇ ಊಟ ಮಾಡಿ ಹತ್ತು ಹದಿನೈದು ನಿಮಿಷ ನಡೆಯಿರಿ. ಎರಡೂ ದಿನ ಊಟಕ್ಕೆ ಮೊದಲು ಮತ್ತು ಊಟ ಶುರುಮಾಡಿದ ಎರಡು ಗಂಟೆಗೆ ಸಕ್ಕರೆ ಪರೀಕ್ಷಿಸಿ ಬರೆದಿಡಿ. ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಆ ಚೀಟಿಯನ್ನು ಮರೆಯದೆ ತೆಗೆದುಕೊಂಡು ಹೋಗಿ.