ಅಡುಗೆಮನೆಯ ನಕ್ಷೆ ಬರೆಯುವ ಮುನ್ನ ಯಾರನ್ನು ಕೇಳಿದಿರಿ?

ಕನ್ಯಾನದ ಆಸುಪಾಸಿನಲ್ಲಿ ಈಚಿನ ವರ್ಷಗಳಲ್ಲಿ ಎದ್ದುನಿಂತ ಅನೇಕ ಮನೆಗಳಿಗೆ ಎರಡೆರಡು ಅಡುಗೆಮನೆಗಳಿವೆ. ಒಂದು ಊಟದ ಕೋಣೆಗೆ ತಾಗಿಕೊಂಡಿರುವಂಥದು. ಮುಖ ಕಾಣುವಷ್ಟು ಹೊಳೆಯುವ ಬಾಗಿಲುಗಳ ಕಪಾಟು, ಉಕ್ಕಿನ ಚಿಮಣಿ, ಗಾಜಿನ ಹೊದಿಕೆಯ ಗ್ಯಾಸ್ ಒಲೆ. ಇನ್ನೊಂದು ಅದರ ಹಿಂದೆ, ತಗಡಿನ ಮಾಡಿನ ಕೆಳಗೆ. ಅದನ್ನು ‘ವರ್ಕ್ ಏರಿಯಾ’ ಎಂದು ಕರೆಯುವುದು ವಾಡಿಕೆ. ಕುಚ್ಚಲಕ್ಕಿ ಬೇಯುವುದು, ಮೀನು ಕೊಯ್ಯುವುದು, ತೆಂಗಿನಕಾಯಿ ತುರಿಯುವುದು, ಪತ್ತಿರ್ ಸುಡುವುದು ಎಲ್ಲವೂ ಅಲ್ಲಿಯೇ. ಮೊದಲನೆಯದರಲ್ಲಿ ಅತಿಥಿಗಳಿಗೆ ಚಹಾ ಬಿಸಿಯಾಗುತ್ತದೆ. ಗಲ್ಫಿನಲ್ಲಿ ಬೆವರು ಸುರಿಸಿ ಗಳಿಸಿದ ಹಣ ವ್ಯಯವಾದುದು ಮೊದಲನೆಯದಕ್ಕೆ. ಮನೆಯ ಹೆಣ್ಣುಮಕ್ಕಳ ದಿನಗಳು ವ್ಯಯವಾಗುವುದು ಎರಡನೆಯದರಲ್ಲಿ.

ಇದನ್ನು ಅನ್ಯರ ಕಡೆಗೆ ಬೆರಳು ತೋರಿಸಿ ಬರೆಯುತ್ತಿಲ್ಲ. ನಮ್ಮ ಮನೆಯಲ್ಲಿಯೇ ಈ ತಪ್ಪು ನಡೆದಿದೆ ಮತ್ತು ಅದರಲ್ಲಿ ನನ್ನ ಪಾಲೇ ದೊಡ್ಡದು. ತಮ್ಮ ಗಲ್ಫಿನಿಂದ ಹಣ ಕಳುಹಿಸಿದ, ನಾನು ನಗರದ ಒಂದು ಅಂಗಡಿಗೆ ಹೋಗಿ ಬಣ್ಣದ ಪುಸ್ತಕದಲ್ಲಿ ಒಂದು ಚಿತ್ರವನ್ನು ಆರಿಸಿದೆ, ಅವರ ಕೆಲಸಗಾರರು ಬಂದು ನಾಲ್ಕು ದಿನಗಳಲ್ಲಿ ಜೋಡಿಸಿ ಹೋದರು. ಉಮ್ಮ ಹೊಸ ಕಟ್ಟೆಯ ಮುಂದೆ ನಿಂತು, ಅದರ ಮೇಲೆ ಕೈಯಿಟ್ಟು ನೋಡಿ, “ಮೋನೇ, ಇದು ಯಾರ ಎತ್ತರಕ್ಕೆ ಕಟ್ಟಿದ್ದು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಕಟ್ಟೆ ಮೂವತ್ತಾರು ಇಂಚು ಎತ್ತರವಿತ್ತು. ಉಮ್ಮ ಐದಡಿಗಿಂತ ಕಡಿಮೆ. ಕಟ್ಟೆಯ ಮೇಲೆ ಒಲೆ, ಒಲೆಯ ಮೇಲೆ ಪಾತ್ರೆ ಏರಿದರೆ ಅದರ ಬಾಯಿ ಅವರ ಎದೆಯನ್ನೂ ಮೀರುತ್ತಿತ್ತು. ಅವರು ಏನೂ ಹೇಳದೆ ಹಿಂದಿನ ಸೌದೆ ಒಲೆಗೆ ಮರಳಿದರು.

ಪವಿತ್ರ ಕುರ್‌ಆನ್ ಸತ್ಯವಿಶ್ವಾಸಿಗಳ ಗುಣಗಳನ್ನು ಹೇಳುವಾಗ, ಅವರ ವ್ಯವಹಾರಗಳು ಪರಸ್ಪರ ಸಮಾಲೋಚನೆಯಿಂದ ನಡೆಯುತ್ತವೆ ಎನ್ನುತ್ತದೆ. ನಾವು ಈ ಸೂಕ್ತವನ್ನು ಆಡಳಿತದ ಕುರಿತೂ ಮಸೀದಿಯ ಕಮಿಟಿಯ ಕುರಿತೂ ಉಲ್ಲೇಖಿಸುತ್ತೇವೆ. ಆದರೆ ಅಲ್‌ಬಕರ ಅಧ್ಯಾಯದಲ್ಲಿ ಮಗುವಿಗೆ ಮೊಲೆಹಾಲು ಬಿಡಿಸುವ ವಿಷಯದಲ್ಲಿಯೂ ತಂದೆತಾಯಿಗಳ ಪರಸ್ಪರ ಒಪ್ಪಿಗೆ ಮತ್ತು ಸಮಾಲೋಚನೆಯನ್ನು ಅಲ್ಲಾಹನು ಪ್ರಸ್ತಾಪಿಸಿದ್ದಾನೆಂಬುದನ್ನು ಮರೆಯುತ್ತೇವೆ. ಅಷ್ಟು ಸಣ್ಣದೆಂದು ನಮಗೆ ತೋರುವ ಮನೆವಾರ್ತೆಯಲ್ಲಿಯೂ ಹೆಣ್ಣಿನ ಮಾತನ್ನು ಕೇಳಬೇಕಾದರೆ, ಅವಳು ದಿನದ ಐದಾರು ತಾಸು ನಿಲ್ಲುವ ಸ್ಥಳದ ಎತ್ತರ ಅಗಲಗಳನ್ನು ಅವಳನ್ನು ಕೇಳದೆ ನಿರ್ಧರಿಸುವುದಕ್ಕೆ ನಮಗೆ ಅಧಿಕಾರ ಕೊಟ್ಟವರಾರು?

ನಾವು ಅಂಗಡಿಯಲ್ಲಿ ಕೊಳ್ಳುವ ಈ ‘ಮಾಡ್ಯುಲರ್’ ಅಡುಗೆಮನೆಗೆ ಒಂದು ಚರಿತ್ರೆಯಿದೆ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕ ವಸತಿಗಳಿಗಾಗಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ಮಹಿಳಾ ವಾಸ್ತುಶಿಲ್ಪಿ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆಯೊಂದನ್ನು ರೂಪಿಸಿದರು. ಕೈಗೆಟಕುವ ಡ್ರಾಯರುಗಳು, ಹೆಜ್ಜೆಗಳನ್ನು ಎಣಿಸಿ ಮಾಡಿದ ಜೋಡಣೆ. ಹೆಣ್ಣಿನ ಶ್ರಮವನ್ನು ಕಡಿಮೆ ಮಾಡಬೇಕೆಂಬ ಉದ್ದೇಶ ಅದರಲ್ಲಿ ನಿಜವಾಗಿಯೂ ಇತ್ತು, ಅದನ್ನು ಮೆಚ್ಚಲೇಬೇಕು. ಆದರೆ ಅದನ್ನು ರೂಪಿಸುವ ಮೊದಲು ತಾನು ಮನೆವಾರ್ತೆ ನಡೆಸಿದವಳೂ ಅಲ್ಲ, ಅಡುಗೆ ಮಾಡಿದವಳೂ ಅಲ್ಲ ಎಂದು ಆಕೆ ಮುಂದೆ ತಾನೇ ಹೇಳಿಕೊಂಡರು. ಅದು ಒಬ್ಬಳೇ ನಿಂತು ದುಡಿಯುವ ಅಡುಗೆಮನೆ. ಇಬ್ಬರು ಹೊಕ್ಕರೆ ಮೈಗೆ ಮೈ ತಾಗುವಂಥದು. ನಮ್ಮ ಮನೆಗಳಲ್ಲಿ ಪೆರ್ನಾಲಿನ ಹಿಂದಿನ ರಾತ್ರಿ ಉಮ್ಮ, ಸೊಸೆಯಂದಿರು, ಹೆಣ್ಣುಮಕ್ಕಳು, ನೆರೆಮನೆಯಿಂದ ಬಂದ ಒಬ್ಬರು ಹೀಗೆ ನಾಲ್ಕೈದು ಮಂದಿ ಒಟ್ಟಿಗೆ ಕೆಲಸ ಮಾಡುತ್ತಾರೆ. ಅಲ್ಲಿಯ ನಕ್ಷೆಯನ್ನು ಇಲ್ಲಿ ಹಾಗೆಯೇ ಜೋಡಿಸಿದಾಗ ಮೂವರು ಹಿತ್ತಿಲಿಗೆ ಹೋಗಬೇಕಾಗುತ್ತದೆ. ‘ವರ್ಕ್ ಏರಿಯಾ’ ಹುಟ್ಟಿದ್ದು ಮೀನಿನ ವಾಸನೆಯಿಂದ ಮಾತ್ರವಲ್ಲ, ಇದರಿಂದಲೂ ಹೌದೆಂದು ನನ್ನ ಅಭಿಪ್ರಾಯ.

1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬೆಳೆದು ಬಂದ ಇನ್ನೊಂದು ಲೆಕ್ಕವಿದೆ: ಒಲೆ, ಸಿಂಕ್, ಫ್ರಿಜ್ ಈ ಮೂರರ ನಡುವೆ ಗೆರೆಯೆಳೆದರೆ ದೊರೆಯುವ ತ್ರಿಕೋನದ ಪ್ರತಿಯೊಂದು ಬದಿ ನಾಲ್ಕರಿಂದ ಒಂಬತ್ತು ಅಡಿ, ಒಟ್ಟು ಸುತ್ತಳತೆ ಇಪ್ಪತ್ತಾರು ಅಡಿಗಳ ಒಳಗೆ ಇರಬೇಕೆಂಬುದು. ಒಳ್ಳೆಯ ಲೆಕ್ಕವೇ. ಆದರೆ ನಮ್ಮಲ್ಲಿ ತ್ರಿಕೋನದ ಒಂದು ಮೂಲೆಯನ್ನು ಬದಲಿಸಬೇಕು. ಉಮ್ಮ ದಿನಕ್ಕೆ ಎಷ್ಟು ಬಾರಿ ಫ್ರಿಜ್ ತೆರೆಯುತ್ತಾರೆಂದು ಒಂದು ದಿನ ಕುಳಿತು ನೋಡಿದೆ. ಗ್ರೈಂಡರಿನ ಬಳಿಗೂ ಹಿಂಬಾಗಿಲಿಗೂ ಹೋದದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಗಸಿಗೆ ತೆಂಗಿನಕಾಯಿ ಅರೆಯುವ ಜಾಗ ಒಲೆಯಿಂದ ಮೂರು ಹೆಜ್ಜೆಗಿಂತ ದೂರವಿರಬಾರದು, ಮೀನು ತೊಳೆಯುವ ಕಲ್ಲು ಹಿಂಬಾಗಿಲಿಗೆ ತಾಗಿಯೇ ಇರಬೇಕು, ಅದಕ್ಕೆ ಸಿಮೆಂಟಿನ ಮಾಡು ಬೇಕು. ಯಾಕೆಂದರೆ ನಮ್ಮದು ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆ. ಆಟಿಯ ತಿಂಗಳಲ್ಲಿ ತಗಡಿನ ಅಂಚಿನಿಂದ ಸುರಿಯುವ ನೀರಿನಲ್ಲಿ ಅರ್ಧ ಬೆನ್ನು ನೆನೆಸಿಕೊಂಡು ಬಂಗುಡೆ ಕೊಯ್ಯುವ ಹೆಂಗಸರನ್ನು ನಾವು ಎಷ್ಟೋ ವರ್ಷ ಕಂಡೂ ಕಾಣದವರಂತೆ ಇದ್ದೇವೆ.

ಆ ಮಳೆಯೇ ನಮ್ಮ ಹೊಳೆಯುವ ಕಪಾಟಿಗೂ ಪಾಠ ಕಲಿಸಿತು. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಸಿಂಕಿನ ಕೆಳಗಿನ ಹಲಗೆ ಉಬ್ಬಿ, ಬಾಗಿಲು ಮುಚ್ಚದಂತಾಯಿತು. ಅದು ಮರದ ಹುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ. ಮೇಲಿನ ಬಣ್ಣದ ಹಾಳೆಯೇ ಅದರ ಸೌಂದರ್ಯ. ಮಾರುವಾಗ ಯಾರೂ ಇದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಪ್ಲೈವುಡ್ಡೇ ಬೇಕೆನ್ನುವವರು ಐಎಸ್ 710 ಎಂಬ ಗುರುತಿರುವ, ಕುದಿಯುವ ನೀರನ್ನೂ ತಾಳುವ ಅಂಟಿನ ಮರೀನ್ ಪ್ಲೈ ಕೊಳ್ಳಲಿ. ನನ್ನ ಮಾತು ಕೇಳುವುದಾದರೆ ಕಟ್ಟೆಯ ಕೆಳಗೆ ಮರವೇ ಬೇಡ. ಕೆಂಪುಕಲ್ಲಿನ ಅಡ್ಡಗೋಡೆ, ಅದರ ನಡುವೆ ಕಡಪ ಕಲ್ಲಿನ ಹಲಗೆ, ಬೇಕಿದ್ದರೆ ಅಲ್ಯೂಮಿನಿಯಂ ಚೌಕಟ್ಟಿನ ಬಾಗಿಲು. ಗೆದ್ದಲು ಬರುವುದಿಲ್ಲ, ಉಬ್ಬುವುದಿಲ್ಲ, ಊರಿನ ಮೇಸ್ತ್ರಿಯೇ ಮಾಡಬಲ್ಲ. ಖರ್ಚೂ ಕಡಿಮೆ. ಕಂತಿನ ಸಾಲ ಮಾಡಿ, ಅಲ್ಲಾಹನು ನಿಷೇಧಿಸಿದ ಬಡ್ಡಿಯನ್ನು ತೆತ್ತು, ಎರಡು ಮಳೆಗಾಲದಲ್ಲಿ ಹಾಳಾಗುವ ವಸ್ತುವನ್ನು ಮನೆಗೆ ತರುವವರೂ ಇದ್ದಾರೆ. ಆ ಕುರಿತು ಹೆಚ್ಚು ಹೇಳಬೇಕಾದುದಿಲ್ಲ.

ಅತಿಥಿ ಸತ್ಕಾರ ಇಸ್ಲಾಮಿನಲ್ಲಿ ಮಹತ್ವದ್ದಲ್ಲವೇ, ಬಂದವರಿಗೆ ಮನೆ ಚೆನ್ನಾಗಿ ಕಾಣಬೇಡವೇ ಎಂದು ಗೆಳೆಯರೊಬ್ಬರು ವಾದಿಸಿದರು. ಅವರ ಮಾತು ಪೂರ್ಣ ತಪ್ಪಲ್ಲ. ಮನೆಯನ್ನು ಚೊಕ್ಕಟವಾಗಿ, ಅಂದವಾಗಿ ಇಡುವುದರಲ್ಲಿ ದೋಷವೇನಿಲ್ಲ. ಆದರೆ ಅತಿಥಿ ಉಣ್ಣುವುದು ಕಪಾಟನ್ನಲ್ಲ. ಅವನ ತಟ್ಟೆಗೆ ಬಂದ ಅನ್ನವನ್ನು ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಬೇಯಿಸಿದವಳೊಬ್ಬಳು ಹಿಂದೆ ಇದ್ದಾಳೆ. ಮನೆಯೊಳಗಿನ ಅಡುಗೆ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಮರಣ ಹೊಂದಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಕೆಡುಕನ್ನು ಅನುಭವಿಸಲೂಬಾರದು, ಇತರರಿಗೆ ಉಂಟುಮಾಡಲೂಬಾರದು ಎಂಬ ಪ್ರವಾದಿ(ಸ) ವಚನವನ್ನು ನೆರೆಮನೆಯ ತಗಾದೆಗಳಿಗೆ ಅನ್ವಯಿಸುವ ನಾವು ನಮ್ಮದೇ ಒಲೆಯ ಬುಡಕ್ಕೆ ಅನ್ವಯಿಸುವುದಿಲ್ಲ. ಚಿಮಣಿಯನ್ನು ಹೊಗೆಯೇ ಇಲ್ಲದ ಗ್ಯಾಸ್ ಒಲೆಯ ಮೇಲೆ ಹಾಕಿ, ಸೌದೆ ಒಲೆಗೆ ಒಂದು ಹೊಗೆಕೊಳವೆಯನ್ನೂ ಇಡದಿರುವುದು ಯಾವ ಬುದ್ಧಿವಂತಿಕೆ?

ದಾಸ್ತಾನಿನ ವಿಷಯಕ್ಕೆ ಬರೋಣ, ಅದರಲ್ಲಿ ನಮ್ಮ ಹಿರಿಯರಿಂದ ಕಲಿಯುವುದು ಬಹಳವಿದೆ. ಹಳೆಯ ಅಡುಗೆಮನೆಯಲ್ಲಿ ಒಲೆಯ ನೇರ ಮೇಲೆ ಅಟ್ಟವಿರುತ್ತಿತ್ತು. ಹುಣಸೆಹುಳಿ, ಒಣಮೀನು, ಬಿತ್ತನೆಯ ಬೀಜ ಎಲ್ಲ ಅಲ್ಲಿ. ಕಣ್ಣಿಗೆ ಕೆಡುಕಾದ ಅದೇ ಹೊಗೆ ಮಳೆಗಾಲದಲ್ಲಿ ತೇವವನ್ನೂ ಹುಳವನ್ನೂ ದೂರವಿಡುತ್ತಿತ್ತು. ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಮುಡಿ ಕಟ್ಟುತ್ತಿದ್ದರು. ಒಂದು ಮುಡಿಗೆ ನಲವತ್ತೆರಡು ಸೇರು. ಪ್ರವಾದಿ ಯೂಸುಫ್(ಅ) ಬರಗಾಲವನ್ನು ಮುಂಗಂಡು, ಕೊಯ್ದ ಧಾನ್ಯವನ್ನು ತೆನೆಯಲ್ಲಿಯೇ ಬಿಟ್ಟು ಸಂಗ್ರಹಿಸಲು ಹೇಳಿದ ವೃತ್ತಾಂತ ಕುರ್‌ಆನಿನಲ್ಲಿದೆ. ಸಿಪ್ಪೆಯೊಳಗಿನ ಕಾಳಿಗೆ ಹುಳ ಬೇಗ ತಗಲದೆಂಬುದು ಯಾವ ರೈತನಿಗೂ ಗೊತ್ತು. ಪ್ರವಾದಿ(ಸ) ಕೂಡ ತಮ್ಮ ಕುಟುಂಬಕ್ಕೆ ಒಂದು ವರ್ಷದ ಆಹಾರವನ್ನು ತೆಗೆದಿಡುತ್ತಿದ್ದರೆಂದು ಹಝ್ರತ್ ಉಮರ್(ರ)ರಿಂದ ವರದಿಯಾಗಿ ಸಹೀಹ್ ಬುಖಾರಿಯಲ್ಲಿದೆ. ಆದುದರಿಂದ ಕೂಡಿಡುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಬೆಲೆಯೇರಲೆಂದು ಬಚ್ಚಿಡುವುದು ಬೇರೆ, ಮಳೆಗಾಲಕ್ಕೆಂದು ಭರಣಿ ತುಂಬಿಸುವುದು ಬೇರೆ.

ಆದರೆ ನಮ್ಮ ಹೊಸ ಕಪಾಟುಗಳಲ್ಲಿ ಇರುವುದೇನು? ನಮ್ಮದನ್ನು ಬಿಚ್ಚುವಾಗ ಲೆಕ್ಕ ಮಾಡಿದೆವು. ಪೆಟ್ಟಿಗೆಯಿಂದ ಹೊರಬಾರದ ಮೂರು ಡಿನ್ನರ್ ಸೆಟ್, ಮದುವೆಗಳಲ್ಲಿ ಬಂದ ಗಾಜಿನ ಲೋಟಗಳು, ಎರಡು ಕೆಟ್ಟ ಮಿಕ್ಸಿ, ಐಸ್‌ಕ್ರೀಮಿನ ಖಾಲಿ ಡಬ್ಬಿಗಳು ನಲವತ್ತಕ್ಕೂ ಮಿಕ್ಕಿ. ಇವೆಲ್ಲಕ್ಕೆ ಬಾಗಿಲು, ಬೀಗ, ಹೊಳಪು. ದಿನಕ್ಕೆ ಮೂರು ಸಲ ಬೇಕಾಗುವ ಅಕ್ಕಿಯ ಡ್ರಮ್ಮಿಗೆ ಮಾತ್ರ ಜಾಗವಿಲ್ಲದೆ ಅದು ಮೆಟ್ಟಿಲಿನ ಕೆಳಗಿತ್ತು. ದುಂದುಗಾರಿಕೆಯೆಂದರೆ ಎಸೆಯುವುದು ಮಾತ್ರವಲ್ಲ, ಹೀಗೆ ಬೀಗ ಹಾಕಿಡುವುದೂ ಕೂಡ.

ಕಳೆದ ವರ್ಷ ಅದನ್ನೆಲ್ಲ ತೆಗೆಸಿ ಮತ್ತೆ ಕಟ್ಟಿಸಿದೆವು. ಈ ಸಲ ಅಂಗಡಿಗೆ ಹೋಗಲಿಲ್ಲ. ಅಂಗಳದಲ್ಲಿ ಬೂದಿಯಿಂದ ಗೆರೆಯೆಳೆದು, ಒಲೆ ಇರುವಲ್ಲಿ ಒಂದು ಮಣೆ, ಸಿಂಕ್ ಇರುವಲ್ಲಿ ಒಂದು ಕೊಡಪಾನ ಇಟ್ಟು, ಉಮ್ಮನನ್ನೂ ತಮ್ಮನ ಹೆಂಡತಿಯನ್ನೂ ಅದರೊಳಗೆ ನಡೆದಾಡಲು ಹೇಳಿದೆವು. ಇಬ್ಬರೂ ನಗುತ್ತಲೇ ಎರಡು ಸಲ ಸಿಂಕಿನ ಜಾಗ ಬದಲಿಸಿದರು. ಕಟ್ಟೆಯ ಎತ್ತರಕ್ಕೆ ಅವರ ಮೊಣಕೈಯಿಂದ ನಾಲ್ಕೈದು ಇಂಚು ಕೆಳಗೆ ಅಳತೆ ಹಿಡಿದಾಗ ಮೂವತ್ತೊಂದೂವರೆ ಇಂಚು ಸಿಕ್ಕಿತು. ಒಲೆಯಿಡುವ ಭಾಗವನ್ನೂ ಪತ್ತಿರ್ ಒತ್ತುವ ಭಾಗವನ್ನೂ ಇನ್ನೂ ನಾಲ್ಕು ಇಂಚು ತಗ್ಗಿಸಿದೆವು. ಒತ್ತುವ ಕೆಲಸಕ್ಕೆ ಮೈಯ ಭಾರ ಬೀಳಬೇಕಲ್ಲ. ಪಾದ ಒಳಸರಿಯಲು ಕಟ್ಟೆಯ ಬುಡದಲ್ಲಿ ಮೂರು ಇಂಚಿನ ಬಿಡುವು. ಮೊಣಕಾಲು ನೋಯುವ ಉಮ್ಮ ಕುಳಿತು ತರಕಾರಿ ಹೆಚ್ಚಲು ಕಿಟಕಿಯ ಬಳಿ ಒಂದು ಕಲ್ಲುಬೆಂಚು. ಅಗ್ನಿಮೂಲೆಗೆ ಒಲೆಯನ್ನು ತಿರುಗಿಸಬೇಕೆಂದು ಮೇಸ್ತ್ರಿ ಸೂಚಿಸಿದರು. ಪಶ್ಚಿಮದಿಂದ ಹೊಡೆಯುವ ಮಳೆಗಾಳಿಗೆ ಮರೆಯಾಗುವುದಷ್ಟೇ ನಮಗೆ ಬೇಕಾದುದು, ಅದಕ್ಕಾಗಿ ಗೋಡೆ ಒಡೆಯುವುದು ಬೇಡವೆಂದೆವು. ಅವರಿಗೆ ಬೇಸರವಾಗಲಿಲ್ಲ.

ಗ್ಯಾಸ್ ಸಿಲಿಂಡರನ್ನು ಬಾಗಿಲಿರುವ ಕಪಾಟಿನೊಳಗೆ ಬಚ್ಚಿಡುವ ಅಭ್ಯಾಸದ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿಯೇ ನಿಲ್ಲುತ್ತದೆ. ಮೇಲಿನ ಎಕ್ಸಾಸ್ಟ್ ಫ್ಯಾನ್ ಅದಕ್ಕೆ ಸಾಲದು, ನೆಲಮಟ್ಟದಲ್ಲಿ ಜಾಲರಿಯ ಕಿಂಡಿ ಬೇಕು. ಮಲಗುವ ಮುನ್ನ ಬೆಂಕಿಯನ್ನು ಆರಿಸಲೂ ಪಾತ್ರೆಗಳನ್ನು ಮುಚ್ಚಿಡಲೂ ಪ್ರವಾದಿ(ಸ) ಕಲಿಸಿದ್ದಾರೆ. ಇಂದು ಬೆಂಕಿಯನ್ನು ಆರಿಸುವುದೆಂದರೆ ರೆಗ್ಯುಲೇಟರನ್ನು ತಿರುಗಿಸುವುದೆಂದೇ ಅರ್ಥ, ಮತ್ತು ಅದು ಕೈಗೆಟಕುವಲ್ಲಿ ಇರಬೇಕು.

ಬಿರಿಯಾನಿಯ ದೊಡ್ಡ ಚೆಂಬುಗಳನ್ನು ಎಲ್ಲಿಡುವುದೆಂಬ ಪ್ರಶ್ನೆಗೆ ಉಮ್ಮ ಕೊಟ್ಟ ಉತ್ತರ ನನ್ನನ್ನು ಬಹಳ ದಿನ ಯೋಚಿಸುವಂತೆ ಮಾಡಿತು. ಹಿಂಬಾಗಿಲಿನ ಹೊರಗೋಡೆಗೆ ತಾಗಿ, ಒಳಗೆ ಬಾರದೆಯೇ ಕೈಗೆ ಸಿಗುವಂತೆ ಒಂದು ಕಲ್ಲಿನ ಗೂಡು ಬೇಕೆಂದರು. ನೆರೆಯವರಿಗೆ ಬೇಕಾದಾಗ ಅವರು ತಾವೇ ಕೊಂಡೊಯ್ಯಬಹುದು, ನಾವು ಮನೆಯಲ್ಲಿಲ್ಲದಿದ್ದರೂ ಸರಿ. ಅಲ್‌ಮಾಊನ್ ಅಧ್ಯಾಯದ ಕೊನೆಯ ಪದಕ್ಕೆ, ನಾವು ಪರಸ್ಪರ ಎರವಲು ಕೊಡುತ್ತಿದ್ದ ಬಕೆಟ್, ಪಾತ್ರೆಗಳಂಥ ವಸ್ತುಗಳೆಂದು ಹಝ್ರತ್ ಇಬ್ನು ಮಸ್‌ಊದ್(ರ) ಅರ್ಥ ಹೇಳಿದ್ದಾರೆ. ಉಮ್ಮನಿಗೆ ಈ ವ್ಯಾಖ್ಯಾನ ಗೊತ್ತಿರಲಿಲ್ಲ. ಆ ಗೂಡಿನ ಚೆಂಬು ಈ ವರ್ಷ ಎರಡು ಮದುವೆಗೂ, ಪಕ್ಕದ ಭಟ್ಟರ ತೋಟದ ಅಡಕೆ ಕೊಯ್ಲಿನ ಆಳುಗಳ ಊಟಕ್ಕೂ ಹೋಗಿ ಬಂದಿದೆ.

ಪ್ರವಾದಿ(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ಉತ್ತರಿಸಿದರು. ಫಾತಿಮಾ(ರ)ರ ಕೈಗಳು ಬೀಸುಕಲ್ಲಿನಿಂದ ನೊಂದ ಸಂಗತಿಯನ್ನು ನಮಗೆ ವರದಿ ಮಾಡಿದವರು ಅವರ ಪತಿ ಅಲಿ(ರ). ಆ ಹದೀಸನ್ನು ಹೆಣ್ಣುಮಕ್ಕಳಿಗೆ ಸಹನೆಯ ಪಾಠವಾಗಿ ಹೇಳುವವರು, ಹೆಂಡತಿಯ ಅಂಗೈಯನ್ನು ಗಂಡನೊಬ್ಬ ಗಮನಿಸಿದ್ದನೆಂಬ ಭಾಗವನ್ನು ಗಂಡಸರಿಗೂ ಹೇಳಲಿ.

ನಮ್ಮ ಹೊಸ ಅಡುಗೆಮನೆಯಲ್ಲಿ ಕಣ್ಣಿನ ಎತ್ತರದಿಂದ ಸೊಂಟದವರೆಗಿನ ಹಲಗೆಗಳಿಗೆ ಬಾಗಿಲಿಲ್ಲ. ಉಪ್ಪು, ಸಕ್ಕರೆ, ಚಹಾ ಹುಡಿ, ಅವಲಕ್ಕಿ ಎಲ್ಲ ಗಾಜಿನ ಭರಣಿಗಳಲ್ಲಿ ಎದುರಿಗೇ ಇವೆ. ಧೂಳು ಕೂರುತ್ತದೆಂಬ ದೂರು ಇದೆ, ಅದು ನಿಜವೂ ಹೌದು. ಈ ರಮಝಾನಿನಲ್ಲಿ ರಜೆಗೆ ಬಂದಿದ್ದ ತಮ್ಮ ಒಂದು ದಿನ ಸಹರಿಯ ಹೊತ್ತಿಗೆ ಎಲ್ಲರಿಗಿಂತ ಮೊದಲು ಎದ್ದು, ಗಂಜಿ ಬಿಸಿ ಮಾಡಿ, ಚಹಾ ಕುದಿಸಿ, ಮತ್ತೆ ನಮ್ಮನ್ನು ಎಬ್ಬಿಸಿದ. ಸಕ್ಕರೆ ಎಲ್ಲಿದೆಯೆಂದು ಯಾರನ್ನೂ ಕೇಳಬೇಕಾಗಿ ಬರಲಿಲ್ಲ.