ಅಚ್ಚಿನೊಳಗಿನ ಕೈಚಳಕ

ಅಚ್ಚಿಟ್ಟು ಬಣ್ಣ ತುಂಬಿದ್ದು ಕಲೆಯೇ ಅಲ್ಲ ಎನ್ನುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಮಕ್ಕಳಿಗೆ ಚಿತ್ರಕಲೆ ಕಲಿಸಿದವಳು ನಾನು. ಕೈಚಳಕ ಎಲ್ಲಿ ಅಡಗಿರುತ್ತದೆಂದು ಬಲ್ಲೆ.

ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್‌ನ ಹೆಣ್ಣುಮಕ್ಕಳ ಶಾಲೆಗಳಲ್ಲಿ ಬಿಳಿ ಮಖಮಲ್ಲಿನ ಮೇಲೆ ಹಣ್ಣಿನ ಬುಟ್ಟಿ ಬರೆಯುವುದನ್ನು ಕಲಿಸುತ್ತಿದ್ದರು. ಥಿಯರಮ್ ಪೇಂಟಿಂಗ್ ಎಂದು ಅದರ ಹೆಸರು. ಎಣ್ಣೆ ಹಚ್ಚಿ ಗಟ್ಟಿ ಮಾಡಿದ ಕಾಗದದಲ್ಲಿ ಆಕಾರಗಳನ್ನು ಕತ್ತರಿಸಿ, ಆ ಅಚ್ಚನ್ನು ಬಟ್ಟೆಯ ಮೇಲಿಟ್ಟು ಬಣ್ಣ ತುಂಬಬೇಕು. ಒಂದಕ್ಕೊಂದು ತಾಗುವ ಆಕಾರಗಳು ಒಂದೇ ಹಾಳೆಯಲ್ಲಿ ಇರುವಂತಿಲ್ಲ; ದ್ರಾಕ್ಷಿ ಗೊಂಚಲೊಂದಕ್ಕೇ ಹಲವು ಹಾಳೆ ಬೇಕಾಗುತ್ತದೆ. ಕುಂಚದಲ್ಲಿ ಬಣ್ಣ ತುಸು ಹೆಚ್ಚಾದರೂ ಅಂಚು ಹರಡಿ ಕೆಡುತ್ತದೆ. ಅಂಚಿನಲ್ಲಿ ಗಾಢವಾಗಿ ತೀಡಿ, ಒಳಗೆ ಬರುತ್ತಾ ತಿಳಿಗೊಳಿಸಿದರೆ ಮಾತ್ರ ಪೀಚ್ ಹಣ್ಣು ಉಬ್ಬಿ ಕಾಣುತ್ತದೆ. ಮಖಮಲ್ಲಿನ ಮೃದುತನವೇ ಆ ಹಣ್ಣಿನ ಸಿಪ್ಪೆ! ಎಲೆಯ ನರ, ಕುಡಿಬಳ್ಳಿಯ ಸುರುಳಿಗಳನ್ನು ಕೊನೆಗೆ ಅಚ್ಚಿಲ್ಲದೆ ಬರೆಯುತ್ತಿದ್ದರು.

ಅಚ್ಚು ಒಂದೇ ಇದ್ದರೂ ಇಬ್ಬರು ಹುಡುಗಿಯರ ಬುಟ್ಟಿ ಒಂದೇ ಆಗುವುದಿಲ್ಲ. ನೆರಳು ಎಷ್ಟು, ಕೆಂಪು ಎಲ್ಲಿ ಎನ್ನುವುದು ಅವರವರ ನಿರ್ಧಾರ. ವಸ್ತುಸಂಗ್ರಹಾಲಯಗಳಲ್ಲಿ ಎಣ್ಣೆಬಣ್ಣದ ದೊಡ್ಡ ಕಲಾವಿದನ ಚಿತ್ರದ ಪಕ್ಕದಲ್ಲೇ ಈ ಬುಟ್ಟಿಗಳನ್ನು ತೂಗುಹಾಕಬೇಕು, ‘ಶಾಲಾ ಅಭ್ಯಾಸ’ ಎಂಬ ಮೂಲೆಯಲ್ಲಲ್ಲ. ಸಹಿಯಿಲ್ಲದ ಚಿತ್ರಗಳ ಹಿಂದಿನ ಹುಡುಗಿಯರನ್ನು ಆ ಶಾಲೆಗಳ ಹಳೆಯ ದಾಖಲೆಗಳಲ್ಲಿ ಹುಡುಕುವ ಕೆಲಸಕ್ಕೆ ಹಣವನ್ನೂ ಕೊಡಬೇಕು.