ನೂರು ವಾಟ್ ಕನಸು, ಹತ್ತಡಿ ಕೋಣೆ

ಗೂಡ್ಸ್ ಆಟೊ ಬಂದು ನಿಂತಾಗ ಸಂಜೆ ಐದು ಗಂಟೆ. ಹೊಸಹಳ್ಳಿಯ ನಮ್ಮ ಅಡ್ಡರಸ್ತೆಯಲ್ಲಿ ಎದುರಿಂದ ಒಂದು ಬೈಕ್ ಬಂದರೂ ಆಟೊ ಹಿಂದಕ್ಕೆ ಹೋಗಬೇಕು. ನಾನೂ ನಮ್ಮ ಬ್ಯಾಂಡಿನ ಡ್ರಮ್ಮರ್ ಗೆಳೆಯನೂ ಸೇರಿ ಸ್ಪೀಕರ್ ಕ್ಯಾಬಿನೆಟ್ ಇಳಿಸಿದೆವು. ಹನ್ನೆರಡು ಇಂಚಿನ ನಾಲ್ಕು ಸ್ಪೀಕರ್, ಹತ್ತಿರ ಹತ್ತಿರ 40 ಕಿಲೊ ತೂಕ. ಅದು ಮಹಡಿ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಮೇಲೂ ಹೋಗದು, ಕೆಳಗೂ ಬಾರದು. ಬಾಗಿಲಲ್ಲಿ ನಿಂತಿದ್ದ ಅಮ್ಮ, ‘ಏನೋ ಇದು, ಫ್ರಿಜ್ ತಂದ್ಯಾ?’ ಎಂದರು. ಅಮ್ಮನಿಗೆ ಏನು ಹೇಳಲಿ? ಅದು ನನ್ನ ಏಳು ವರ್ಷದ ಕನಸು.

ಕನಸು ಶುರುವಾಗಿದ್ದು ಒಂದು ಕಪ್ಪು ಟೀಶರ್ಟಿನಿಂದ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ನಮ್ಮ ದೊಡ್ಡಪ್ಪನ ಮಗ ಹೋಗಿದ್ದ. ನಾನಾಗ ಪ್ರೈಮರಿ ಸ್ಕೂಲು. ಅದಕ್ಕೂ ಮೊದಲು, 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಅದೇ ಮೈದಾನಕ್ಕೆ ಬಂದಿತ್ತು. ಅಣ್ಣ ಟೀಶರ್ಟ್ ಹಾಕಿಕೊಂಡು ಆ ರಾತ್ರಿಯ ಕಥೆ ಹೇಳುವಾಗ ನನ್ನ ಕಿವಿಗೆ ಬಿದ್ದದ್ದು ಒಂದೇ: ಎದೆಯೊಳಗೆ ಗುದ್ದಿದಂತಾಗುವ ಗಿಟಾರ್ ಸದ್ದು. ಆ ಸದ್ದು ಗಿಟಾರ್‌ನಿಂದ ಮಾತ್ರ ಬರುವುದಿಲ್ಲ, ಅರ್ಧ ಆಂಪ್ಲಿಫೈಯರ್‌ನಿಂದ ಬರುತ್ತದೆ ಎಂದು ಗೊತ್ತಾದದ್ದು ಪಿಯುಸಿಯಲ್ಲಿ. ಅವತ್ತಿನಿಂದ ನನಗೆ ಬೇಕಾಗಿದ್ದು ನೂರು ವಾಟಿನ ಹೈ ಗೇನ್ ಟ್ಯೂಬ್ ಆಂಪ್.

ಟ್ಯೂಬ್ ಎಂದರೆ ಬೇರೇನಲ್ಲ, ನಮ್ಮ ಅಜ್ಜಂದಿರ ವಾಲ್ವ್ ರೇಡಿಯೊದಲ್ಲಿ ಇರುತ್ತಿತ್ತಲ್ಲ, ಅದೇ ವಾಲ್ವ್. ಸ್ವಿಚ್ ಹಾಕಿದರೆ ಮೊದಲು ಕೆಂಪಗೆ ಬಿಸಿಯಾಗಿ ಆಮೇಲೆ ಮಾತಾಡುವ ಗಾಜಿನ ಕೊಳವೆ. ರೇಡಿಯೊ, ಟಿ.ವಿ.ಯಿಂದ ಅದು ಮಾಯವಾಗಿ ದಶಕಗಳೇ ಆದವು. ಗಿಟಾರ್‌ನವರು ಮಾತ್ರ ಬಿಟ್ಟಿಲ್ಲ. ಮಿತಿಗಿಂತ ಹೆಚ್ಚು ಸಿಗ್ನಲ್ ಕೊಟ್ಟರೆ ವಾಲ್ವ್ ಅಲೆಯ ತುದಿಯನ್ನು ಕತ್ತರಿಸುತ್ತದೆ. ರೇಡಿಯೊದಲ್ಲಿ ಅದು ದೋಷ, ರಾಕ್ ಸಂಗೀತದಲ್ಲಿ ಅದೇ ರುಚಿ. ಹೈ ಗೇನ್ ಆಂಪ್‌ನಲ್ಲಿ ಇಂಥ ಸಣ್ಣ ವಾಲ್ವ್‌ಗಳ ಹಂತಗಳು ಒಂದರ ಹಿಂದೆ ಒಂದು ಇರುತ್ತವೆ. ಒಂದು ಕತ್ತರಿಸಿದ್ದನ್ನು ಇನ್ನೊಂದು ಹಿಗ್ಗಿಸಿ ಮತ್ತೆ ಕತ್ತರಿಸುತ್ತದೆ. ತಂತಿಯನ್ನು ಅಂಗೈಯಿಂದ ಅದುಮಿ ಮೀಟಿದರೆ ‘ಜಗ್ ಜಗ್’ ಎನ್ನುತ್ತದಲ್ಲ, ಆ ಸದ್ದು ಹುಟ್ಟುವುದು ಇಲ್ಲಿ.

ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಕ್ಯಾಂಪಸ್ ಸೆಲೆಕ್ಷನ್ ಆಯಿತು. ಆಫರ್ ಲೆಟರ್ ಬಂದ ವಾರವೇ ಅಪ್ಪನ ಮುಂದೆ ಕೂತೆ. ಅಪ್ಪ ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್‌ನ ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಆಪರೇಟರ್. ‘ಸಂಬಳ ಬಂದ ತಕ್ಷಣ ನಾನೇ ಕಟ್ತೀನಿ ಅಪ್ಪಾ’ ಎಂದೆ. ಆಂಪ್, ಕ್ಯಾಬಿನೆಟ್ ಎರಡೂ ಸೇರಿ 1,26,000 ರೂಪಾಯಿ. ಅಪ್ಪನ ಕ್ರೆಡಿಟ್ ಕಾರ್ಡಿನಲ್ಲಿ 18 ಕಂತು, ತಿಂಗಳಿಗೆ 7,800.

ಆ ಸಂಜೆ ಕ್ಯಾಬಿನೆಟ್ಟನ್ನು ಹೇಗೋ ಕೋಣೆಗೆ ತಳ್ಳಿ, ಆಂಪ್ ಆನ್ ಮಾಡಿ, ವಾಲ್ಯೂಮ್ ಅನ್ನು ಒಂದರವರೆಗೆ ತಿರುಗಿಸಿ ಒಂದು ಕಾರ್ಡ್ ಬಾರಿಸಿದೆ. ಕಿಟಕಿಯ ಗಾಜು ಗಡಗಡ ಅಂದಿತು. ಅಡುಗೆಮನೆಯ ಸ್ಟೀಲ್ ತಟ್ಟೆಗಳು ತಾಳ ಹಾಕಿದವು. ಎರಡನೇ ಕಾರ್ಡಿಗೆ ಮುಂಚೆ ಕಾಲಿಂಗ್ ಬೆಲ್. ಪಕ್ಕದ ಮನೆಯ ತಾತ. ‘ಏನಪ್ಪಾ, ಒಳಗೆ ಗೋಡೆ ಒಡೀತಿದೀರಾ?’ ಎಂದರು. ಅವರು ಜಗಳಕ್ಕೆ ಬಂದಿರಲಿಲ್ಲ, ನಿಜವಾಗಿಯೂ ಗಾಬರಿಯಾಗಿದ್ದರು. ಮನೆಯಲ್ಲಿ ಅಜ್ಜಿಗೆ ಹುಷಾರಿರಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ. ಕೊಳ್ಳುವ ಮೊದಲು ನಾನು ಮಾಡದೆ ಬಿಟ್ಟ ಲೆಕ್ಕ ಇದು. ಮೆಟಲ್ ಗಿಟಾರ್ ವಾದಕರು ಹೆಚ್ಚು ಬಳಸುವ ಸೆಲೆಸ್ಟಿಯನ್ ವಿಂಟೇಜ್ 30 ಎಂಬ ಸ್ಪೀಕರ್‌ಗೆ ಕೇವಲ 1 ವಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ ಸುಮಾರು 100 ಡೆಸಿಬೆಲ್ ಶಬ್ದ ಬರುತ್ತದೆ. ವಸತಿ ಪ್ರದೇಶಕ್ಕೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹಾಕಿರುವ ಮಿತಿ ಹಗಲು 55, ರಾತ್ರಿ ಹತ್ತರ ನಂತರ 45 ಡೆಸಿಬೆಲ್. ಅಂದರೆ ನೂರು ವಾಟಿನಲ್ಲಿ ನನ್ನ ಕೋಣೆಗೆ ಒಂದು ವಾಟೇ ಜಾಸ್ತಿ. 20x30 ಸೈಟುಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿರುವ ನಮ್ಮ ಬೀದಿಯಲ್ಲಿ ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ನಾವು ಎಣಿಸಬಹುದು.

ಇನ್ನೊಂದು ವಿಷಯ. ನೂರು ವಾಟ್ ಆಂಪ್ ಐವತ್ತು ವಾಟಿನದಕ್ಕಿಂತ ಎರಡರಷ್ಟು ಜೋರು ಎಂದೇ ನಾನು ತಿಳಿದಿದ್ದೆ. ಅಲ್ಲ. ವಾಟ್ ದುಪ್ಪಟ್ಟಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಹೆಚ್ಚುಕಡಿಮೆ ಹತ್ತು ಪಟ್ಟು ವಾಟ್ ಬೇಕು. ಲೆಕ್ಕ ತಿರುಗಿಸಿ ನೋಡಿ: 10 ವಾಟಿನ ಆಂಪ್, 100 ವಾಟಿನದರ ಅರ್ಧದಷ್ಟು ಜೋರಾಗಿ ಕೇಳಿಸುತ್ತದೆ! ಡ್ರಮ್ಸ್ ಜೊತೆ ಅಭ್ಯಾಸ ಮಾಡಲು 20 ವಾಟಿನ ಟ್ಯೂಬ್ ಆಂಪ್ ಸಾಮಾನ್ಯವಾಗಿ ಸಾಕು. ವೇದಿಕೆಯಲ್ಲಾದರೆ ಹೇಗೂ ಸ್ಪೀಕರ್ ಮುಂದೆ ಮೈಕ್ ಇಡುತ್ತಾರೆ, ಜನರನ್ನು ತಲುಪಿಸುವ ಕೆಲಸ ದೊಡ್ಡ ಸೌಂಡ್ ಸಿಸ್ಟಂದು.

ಇತ್ತ ಆಫರ್ ಕೊಟ್ಟ ಕಂಪನಿ ಜಾಯಿನಿಂಗ್ ದಿನಾಂಕವನ್ನು ಮುಂದೂಡಿತು. ಮೊದಲು ಎರಡು ತಿಂಗಳು, ಆಮೇಲೆ ‘ತಿಳಿಸುತ್ತೇವೆ’ ಎಂಬ ಒಂದು ಸಾಲಿನ ಇಮೇಲ್. ಈ ಪುಟ ಓದುವ ಎಷ್ಟೋ ಜನರಿಗೆ ಆ ಒಂದು ಸಾಲಿನ ಪರಿಚಯ ಇದ್ದೇ ಇರುತ್ತದೆ. ಕಂತು ಮಾತ್ರ ಯಾರಿಗೂ ಕಾಯಲಿಲ್ಲ, ಪ್ರತಿ ತಿಂಗಳು ಐದನೇ ತಾರೀಕು ಬಂತು. ಎರಡು ಕಂತು ಅಪ್ಪನ ಓವರ್‌ಟೈಮ್ ದುಡ್ಡಿನಿಂದ, ಮೂರನೆಯದು ಅಮ್ಮನ ಚೀಟಿ ದುಡ್ಡಿನಿಂದ ಹೋಯಿತು. ಆ ಚೀಟಿ ಅಕ್ಕನ ಸೀಮಂತಕ್ಕೆಂದು ಅಮ್ಮ ಹಾಕಿದ್ದು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೂಲೆಯಲ್ಲಿ ಬೆಡ್‌ಶೀಟ್ ಹೊದ್ದುಕೊಂಡು ನಿಂತಿದ್ದ ಆಂಪ್ ಮೇಲೆ ಅಮ್ಮ ಒಣಗಿದ ಬಟ್ಟೆ ಮಡಿಸಿಡುತ್ತಿದ್ದರು.

ನಾಲ್ಕನೇ ತಿಂಗಳು ಅದನ್ನು ಒಂದು ಜ್ಯಾಮ್ ರೂಮಿನವರಿಗೆ 82,000ಕ್ಕೆ ಮಾರಿ, ಆ ದುಡ್ಡನ್ನು ಸಾಲಕ್ಕೆ ಕಟ್ಟಿದೆ. ಉಳಿದ ಬಾಕಿಯನ್ನು ಆಮೇಲೆ ಟ್ಯೂಷನ್ ಹೇಳಿ ತೀರಿಸಿದೆ.

ಇಷ್ಟೆಲ್ಲ ಹೇಳಿದ್ದು ಅನುಕಂಪಕ್ಕಲ್ಲ. ಹೆವಿ ರಾಕ್ ನುಡಿಸುವ ನಮ್ಮ ವಯಸ್ಸಿನವರಲ್ಲಿ ಒಂದು ಮಾತು ಬೇರೂರಿದೆ: ‘ನಿಜವಾದ ಟೋನ್ ಬೇಕಾ ಮಗಾ, ಟ್ಯೂಬ್ ತಗೋ, ನೂರು ವಾಟ್ ತಗೋ. ಉಳಿದಿದ್ದೆಲ್ಲ ಆಟಿಕೆ.’ ಈ ಮಾತನ್ನು ನಾನೀಗ ಒಪ್ಪುವುದಿಲ್ಲ. ಆಂಪ್ ಆರಿಸಬೇಕಾದದ್ದು ಪೋಸ್ಟರ್ ನೋಡಿ ಅಲ್ಲ, ನಾವು ನುಡಿಸುವ ಕೋಣೆ ನೋಡಿ, ನಮ್ಮ ಜೇಬು ನೋಡಿ. ಮೊದಲ ಸಂಬಳ ಕೈಗೆ ಬರುವ ತನಕ ಸಾಲ ಮಾಡಿ ಆಂಪ್ ಕೊಳ್ಳಲೇಬಾರದು.

ಹಾಗೆಂದು ಟ್ಯೂಬ್ ಆಂಪ್ ಬರೀ ಬೊಗಳೆ ಎನ್ನುವವರ ಪಕ್ಷವೂ ನನ್ನದಲ್ಲ. ಮೆಲ್ಲಗೆ ಮೀಟಿದರೆ ತಿಳಿಯಾಗಿ, ಒತ್ತಿ ಮೀಟಿದರೆ ಗುರುಗುಟ್ಟಿ ಬೆರಳಿಗೆ ಉತ್ತರ ಕೊಡುವ ಗುಣ ಅದಕ್ಕಿದೆ. ಒಂದೊಂದು ಆಂಪ್‌ನದೂ ಒಂದೊಂದು ದನಿ. 1981ರಲ್ಲಿ ಬಂದ ಮಾರ್ಷಲ್ ಜೆಸಿಎಂ 800 ಎಂಬತ್ತರ ದಶಕದ ಮೆಟಲ್‌ನ ದನಿ. ಮಧ್ಯದ ಸ್ವರಗಳು ಕಡಿಯುವಂತೆ ಮುಂದೆ ಬರುತ್ತವೆ. ಎಡ್ಡಿ ವ್ಯಾನ್ ಹೇಲನ್‌ಗಾಗಿ ಪೀವಿ ಕಂಪನಿ 1992ರಲ್ಲಿ ತಂದ 5150 ಬಿಗಿಯಾಗಿ, ಚೂಪಾಗಿ ಹೊಡೆಯುತ್ತದೆ. ಮೆಸಾ ಬೂಗಿಯ ರೆಕ್ಟಿಫೈಯರ್‌ನದು ದಪ್ಪ ಗೋಡೆಯಂಥ ಸದ್ದು. ನಮ್ಮ ಊರಿನಲ್ಲೇ ನೋಡಿ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಏರಿದ ಕ್ರಿಪ್ಟೋಸ್ ನುಡಿಸುವ ಹಳೇ ಮಾದರಿಯ ಮೆಟಲ್ ಒಂದು ಬಗೆ. ಬೈಗುಳದ ಮೇಲೆ ಶ್ಲೇಷೆ ಮಾಡಿ ಹೆಸರಿಟ್ಟುಕೊಂಡ ಬೇವರ್ ಸೀ ಬ್ಯಾಂಡಿನ ನಿಧಾನದ, ಭಾರದ ಡೂಮ್ ಇನ್ನೊಂದು ಬಗೆ. ನೀವು ಯಾವುದನ್ನು ನುಡಿಸುತ್ತೀರಿ ಎಂದು ಗೊತ್ತಿಲ್ಲದೆ ಯಾವ ಆಂಪ್ ಒಳ್ಳೆಯದು ಎಂದು ಕೇಳುವುದು, ಊರು ಹೇಳದೆ ಬಸ್ ನಂಬರ್ ಕೇಳಿದ ಹಾಗೆ.

‘ಟ್ಯೂಬ್ ಇಲ್ಲದೆ ಮೆಟಲ್ಲಾ?’ ಎನ್ನುವವರಿಗೆ ಒಂದು ಉದಾಹರಣೆ. 2013ರ ಡಿಸೆಂಬರ್‌ನಲ್ಲಿ ಮೆಟಾಲಿಕಾ ಅಂಟಾರ್ಕ್ಟಿಕಾದಲ್ಲಿ ನುಡಿಸಿತು. ಅಲ್ಲಿನ ಪರಿಸರಕ್ಕೆ ತೊಂದರೆ ಆಗಬಾರದೆಂದು ಕೇಳುಗರೆಲ್ಲರ ಕಿವಿಗೂ ಹೆಡ್‌ಫೋನ್! ಅಷ್ಟು ದೊಡ್ಡ ಬ್ಯಾಂಡ್ ಪೆಂಗ್ವಿನ್‌ಗಳಿರುವ ನಾಡಿನ ಮೌನಕ್ಕೆ ಅಷ್ಟು ಮರ್ಯಾದೆ ಕೊಟ್ಟಿತು. ಪಕ್ಕದ ಮನೆಯ ಅಜ್ಜಿಗೆ ನಾವು ಕೊಡಬಾರದೇ? ಟ್ಯೂಬ್ ಆಂಪ್‌ನ ದನಿಯನ್ನು ಅನುಕರಿಸುವ ಸಾಫ್ಟ್‌ವೇರ್ ಈಗ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ. ನ್ಯೂರಲ್ ಆಂಪ್ ಮಾಡೆಲರ್ ಎಂಬುದು ಪೂರ್ತಿ ಉಚಿತ. ಒಂದು ಆಡಿಯೊ ಇಂಟರ್‌ಫೇಸ್, ಒಂದು ಹೆಡ್‌ಫೋನ್ ಇದ್ದರೆ ರಾತ್ರಿ ಎರಡು ಗಂಟೆಗೂ ಅಭ್ಯಾಸ ಮಾಡಬಹುದು. ಕೈ ಕುದುರುವುದು ಇಲ್ಲೇ. ಕೈ ಕುದುರದಿದ್ದರೆ ಲಕ್ಷ ರೂಪಾಯಿಯ ಆಂಪ್ ನಮ್ಮ ತಪ್ಪುಗಳನ್ನೇ ಜೋರಾಗಿ ಕೇಳಿಸುತ್ತದೆ, ಅಷ್ಟೇ.

ಇಷ್ಟಾದ ಮೇಲೂ ಟ್ಯೂಬ್ ಆಂಪ್ ಕೊಳ್ಳಬೇಕು, ದುಡ್ಡೂ ಇದೆ ಎನ್ನುವವರಿಗೆ, ನಾನು ಪೆಟ್ಟು ತಿಂದು ಕಲಿತ ನಾಲ್ಕು ಮಾತು. ಅಂಗಡಿಗೆ ನಿಮ್ಮ ಗಿಟಾರನ್ನೇ ಒಯ್ಯಿರಿ, ನೀವು ನುಡಿಸುವ ಶ್ರುತಿಯಲ್ಲೇ ಇರಲಿ. ಮನೆಯಲ್ಲಿ ಎಷ್ಟು ವಾಲ್ಯೂಮ್ ಇಡುತ್ತೀರೋ ಅಷ್ಟೇ ಇಟ್ಟು ಕೇಳಿ. ಜೋರಾಗಿಟ್ಟರೆ ಎಲ್ಲ ಆಂಪ್‌ಗಳೂ ಚೆಂದವೇ. ಗೇನ್ ಏರಿಸಿ ಮೀಟುವುದನ್ನು ತಟ್ಟನೆ ನಿಲ್ಲಿಸಿ: ಸದ್ದು ಕತ್ತರಿಸಿದಂತೆ ನಿಲ್ಲುತ್ತದೋ, ಬುಸುಗುಡುತ್ತದೋ ಗಮನಿಸಿ. ಹೊಸಬರು ಗೇನನ್ನು ಹತ್ತಕ್ಕೆ ತಿರುಗಿಸುತ್ತಾರೆ. ಐದಾರರಲ್ಲಿ ಇಟ್ಟು ಕೈಯಿಂದ ಬಿಗಿ ತರುವುದೇ ಸರಿಯಾದ ದಾರಿ. ದುಡ್ಡು ಉಳಿದರೆ ಒಳ್ಳೆಯ ಸ್ಪೀಕರ್‌ಗೆ ಹಾಕಿ. ದನಿಯನ್ನು ಸ್ಪೀಕರ್ ಬದಲಿಸುವಷ್ಟು ವಾಲ್ವ್ ಬದಲಿಸುವುದಿಲ್ಲ.

ಸುರಕ್ಷತೆಯ ಮಾತು ಬೇರೆಯೇ. ಸ್ಪೀಕರ್ ಜೋಡಿಸದೆ ಟ್ಯೂಬ್ ಆಂಪ್ ಆನ್ ಮಾಡಿ ನುಡಿಸಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಆಂಪ್ ಹಿಂದೆ 8 ಓಮ್, 16 ಓಮ್ ಎಂದು ಬರೆದಿರುವುದಕ್ಕೂ ಸ್ಪೀಕರ್‌ಗೂ ತಾಳೆಯಾಗಬೇಕು. ಅಮೆರಿಕದಲ್ಲಿರುವ ಅಣ್ಣ ಸೂಟ್‌ಕೇಸಿನಲ್ಲಿ ತಂದುಕೊಟ್ಟ ಆಂಪ್ 120 ವೋಲ್ಟಿನದಾಗಿರುತ್ತದೆ. ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಕಥೆ ಮುಗಿಯಿತು. ಮನೆಯ ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಒಳಗೆ ನಾನೂರು ವೋಲ್ಟಿಗೂ ಮೇಲೆ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ಯೂಟ್ಯೂಬ್ ನೋಡಿ ಬಿಚ್ಚುವ ಸಾಹಸ ಬೇಡವೇ ಬೇಡ.

ಕಿವಿಯನ್ನೂ ಮರೆಯಬೇಡಿ. ದಿನಕ್ಕೆ ಎಂಟು ಗಂಟೆ ಕೇಳಲು 85 ಡೆಸಿಬೆಲ್ ಮಿತಿ ಎಂಬುದು ಪರಿಣತರ ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು ಕಾಲು ಗಂಟೆ ಮಾತ್ರ. ಆಂಪ್ ಹಾಳಾದರೆ ಬೇರೆ ತರಬಹುದು, ಕಿವಿ ತರಲಾಗದು.

ನಾವು ನಾಲ್ವರು ಈಗ ಮಾಡುತ್ತಿರುವುದು ಸರಳ. ಮನೆಯಲ್ಲಿ ಹೆಡ್‌ಫೋನ್. ವಾರಕ್ಕೊಮ್ಮೆ ಎಲ್ಲರೂ ದುಡ್ಡು ಹಾಕಿ ಜ್ಯಾಮ್ ರೂಮಿನಲ್ಲಿ ಎರಡು ಗಂಟೆ. ಗೋಡೆಗೆ ಫೋಮ್ ಹೊಡೆದ ಆ ಕೋಣೆಯಲ್ಲಿ ಯಾರಿಗೂ ತೊಂದರೆ ಇಲ್ಲ. ಅಲ್ಲಿರುವುದು ಯಾವ ಆಂಪ್ ಗೊತ್ತಾ? ನಾನು ಮಾರಿದ್ದೇ! ನಾನದನ್ನು ಕೊಂಡಾಗ ಅದು ಒಂದರ ಮೇಲೆ ಏರಲೇ ಇಲ್ಲ. ಮಾರಿದ ಮೇಲೆ, ನಾಲ್ಕು ಜನರ ದುಡ್ಡಿನಲ್ಲಿ, ನಾಲ್ಕರವರೆಗೆ ಏರಿಸಿ ನುಡಿಸುತ್ತೇನೆ. ಇಂಥ ಆಂಪ್ ಹತ್ತು ಬ್ಯಾಂಡಿಗೆ ಒಂದಿದ್ದರೆ ಸಾಕು, ಒಬ್ಬೊಬ್ಬರ ಮನೆಯಲ್ಲೂ ಬೇಕಿಲ್ಲ.

ಪಕ್ಕದ ಮನೆಯ ತಾತನ ವಿಷಯ ಹೇಳುವುದು ಉಳಿಯಿತು. ಆಂಪ್ ಮಾರುವ ಹಿಂದಿನ ದಿನ ಕುತೂಹಲಕ್ಕೆಂದು ನೋಡಲು ಬಂದಿದ್ದರು. ಹಿಂದಿನ ಜಾಲರಿಯಿಂದ ಕಾಣುವ ವಾಲ್ವ್‌ಗಳ ಕೆಂಪು ಬೆಳಕು ನೋಡಿ ಅಲ್ಲೇ ಕುಕ್ಕರುಗಾಲಲ್ಲಿ ಕೂತರು. 1954ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಬಿಇಎಲ್ ಕಾರ್ಖಾನೆ ಒಂದು ಕಾಲದಲ್ಲಿ ರೇಡಿಯೊ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ತಾತ ಅಲ್ಲಿ ಅದೇ ವಿಭಾಗದಲ್ಲಿ ಕೆಲಸ ಮಾಡಿದವರಂತೆ. ‘ಇವು ಇನ್ನೂ ಇದಾವೇನಪ್ಪಾ?’ ಎಂದು ನಾಲ್ಕೈದು ಸಲ ಕೇಳಿದರು. ‘ಸಣ್ಣದಾಗಿ ಬಾರಿಸು ನೋಡೋಣ’ ಎಂದರು. ಬಾರಿಸಿದೆ. ‘ಸಂಗೀತ ನಂಗೆ ಅರ್ಥ ಆಗಲ್ಲ, ಆದ್ರೆ ವಾಲ್ವ್ ಚೆನ್ನಾಗಿದೆ’ ಎಂದು ಎದ್ದು ಹೋದರು.

ಕಂಪನಿಯಿಂದ ಕರೆ ಕೊನೆಗೂ ಬಂತು, ಏಳು ತಿಂಗಳು ತಡವಾಗಿ. ಮೊದಲ ಸಂಬಳದಲ್ಲಿ ಅಮ್ಮನ ಚೀಟಿ ದುಡ್ಡು ವಾಪಸ್ ಕೊಟ್ಟೆ. ಅಷ್ಟರಲ್ಲಿ ಅಕ್ಕನ ಸೀಮಂತ ಮುಗಿದಿತ್ತು, ಅಪ್ಪ ಸಾಲ ಮಾಡಿ ಮಾಡಿಸಿದ್ದರು. ಈಗ ಒಂದು 5 ವಾಟಿನ ಪುಟ್ಟ ಟ್ಯೂಬ್ ಆಂಪ್‌ಗೆಂದು ತಿಂಗಳಿಗೆ ಎರಡು ಸಾವಿರ ಎತ್ತಿಡುತ್ತಿದ್ದೇನೆ. ಈ ಸಲ ಕಂತು ಇಲ್ಲ. ಅದು ಮಹಡಿ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಳ್ಳುವಷ್ಟು ದೊಡ್ಡದೂ ಅಲ್ಲ.